ಬುಷ್ ಮೊದಲು, ಪಾಲಿಶ್ ಆಮೇಲೆ: ಲ್ಯಾಂಪಿನ ಕಲ್ಲಿನ ಫಿನಿಯಲ್ ಬಗ್ಗೆ ಒಂದು ಪ್ರಕರಣ ಅಧ್ಯಯನ

ಅಮೆರಿಕದ ಟೇಬಲ್ ಲ್ಯಾಂಪುಗಳ ಶೇಡಿನ ಮೇಲೆ, ಗೋಪುರದ ಕಳಶದ ಹಾಗೆ, ಒಂದು ಸಣ್ಣ ಗುಬುಟು ಕೂತಿರುತ್ತದೆ. ಅದನ್ನು ಫಿನಿಯಲ್ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಇದನ್ನು ನೋಡಿದವರು ಕಡಿಮೆ. ಭಾರತದಲ್ಲೂ ಯುರೋಪಿನಲ್ಲೂ ಶೇಡು ಸಾಮಾನ್ಯವಾಗಿ ಬಲ್ಬ್ ಹೋಲ್ಡರಿಗೇ ಒಂದು ರಿಂಗಿನಿಂದ ಬಿಗಿಯಾಗಿರುತ್ತದೆ. ಅಮೆರಿಕದ ಲ್ಯಾಂಪಿನ ರಚನೆ ಬೇರೆ. ಹೋಲ್ಡರಿನ ಬುಡದಿಂದ ದಪ್ಪ ತಂತಿಯ ಎರಡು ತೋಳುಗಳು ಬಲ್ಬನ್ನು ಬಳಸಿಕೊಂಡು ಮೇಲೆ ಹೋಗಿ ಸೇರುತ್ತವೆ. ಅದು ಹಾರ್ಪ್. ಹಾರ್ಪಿನ ನೆತ್ತಿಯಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಶೇಡಿನ ನಡುವಿನ ರಿಂಗು ಅದರ ಮೇಲೆ ಕೂರುತ್ತದೆ. ಮೇಲಿಂದ ಫಿನಿಯಲ್ ತಿರುಗಿಸಿದರೆ ಶೇಡು ಭದ್ರ. ಅಂದರೆ ಫಿನಿಯಲ್ ಅಲಂಕಾರವೂ ಹೌದು, ನಟ್ಟೂ ಹೌದು. ಈ ಪ್ರಕರಣದ ತೊಂದರೆಗಳೆಲ್ಲ ಹುಟ್ಟಿದ್ದು ಈ ಎರಡು ಕೆಲಸಗಳ ನಡುವೆಯೇ.

ಇದರಲ್ಲಿ ಮುಖ್ಯವಾಗಿ ಇಬ್ಬರಿದ್ದಾರೆ. ಅವರ ಹೆಸರು, ಊರು ಹೇಳುವುದಿಲ್ಲ. ಒಬ್ಬರನ್ನು ಮೇಸ್ತ್ರಿ ಅಂತಲೂ ಇನ್ನೊಬ್ಬರನ್ನು ಅಕ್ಕ ಅಂತಲೂ ಕರೆಯುತ್ತೇನೆ. ಅವರು ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದೂ ಹೆಚ್ಚು ಕಡಿಮೆ ಹಾಗೆಯೇ. ಸಣ್ಣ ಕಾರ್ಖಾನೆಗಳಿಗೆ ಯಂತ್ರ ಮತ್ತು ಅಳತೆಯ ವಿಚಾರದಲ್ಲಿ ನೆರವಾಗುವುದು ನನ್ನ ಕೆಲಸ. ಇಬ್ಬರ ನಡುವೆ ಅಳತೆಯ ಮಾತು ಶುರುವಾದಾಗ ನನ್ನನ್ನು ಕರೆದರು.

ಹಿನ್ನೆಲೆ

ಮೇಸ್ತ್ರಿಯದು ದಕ್ಷಿಣ ಕರ್ನಾಟಕದಲ್ಲಿ ಒಂದು ಕಲ್ಲಿನ ಶೆಡ್ಡು. ಕಡೆಯುವವರು ಇಬ್ಬರು, ಕೈಕೆಲಸಕ್ಕೆ ಒಬ್ಬ ಹುಡುಗ, ಪಾಲಿಶ್ ಮಾಡಲು ಇಬ್ಬರು ಹೆಂಗಸರು. ಕೆಲಸ ಬಳಪದ ಕಲ್ಲಿನದು. ಬೇಲೂರು, ಹಳೇಬೀಡಿನ ದೇವಸ್ಥಾನಗಳು ಎದ್ದದ್ದು ಇದೇ ಜಾತಿಯ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಆ ಕಂಬಗಳ ಮೇಲಿನ ನುಣುಪಾದ ಬಳೆಗಳನ್ನು ನೋಡಿದವರಿಗೆ ಗೊತ್ತು, ಹೊಯ್ಸಳರ ಕಾಲದಲ್ಲೇ ಈ ಕಲ್ಲನ್ನು ತಿರುಗಿಸಿ ಕಡೆಯುತ್ತಿದ್ದರು. ಮೇಸ್ತ್ರಿ ಮಾಡುತ್ತಿದ್ದದ್ದು ಸಣ್ಣ ಗಣಪತಿ, ದೀಪ, ಊದುಬತ್ತಿ ಸ್ಟ್ಯಾಂಡು, ಪೇಪರ್ ವೇಟು. ಬೇಡಿಕೆ ಇತ್ತು, ಲಾಭ ಕಡಿಮೆ. ಅದೇ ಸಾಮಾನು ಮಾಡುವ ಶೆಡ್ಡುಗಳು ಸುತ್ತಮುತ್ತ ಬೇಕಾದಷ್ಟಿದ್ದವು.

ಅಕ್ಕ ಮದುವೆಯಾಗಿ ಅಮೆರಿಕದ ಪೂರ್ವ ಕರಾವಳಿಗೆ ಹೋದವರು. ಹಳೆ ಲ್ಯಾಂಪುಗಳಿಗೆ ಹೊಸ ವಯರ್ ಎಳೆದು, ಹೊಸ ಶೇಡು ಹಾಕಿ ಮಾರುತ್ತಾರೆ. ಅಲ್ಲಿ ಕಲ್ಲಿನ ಫಿನಿಯಲ್‌ಗೆ ಹಳೆಯ ಮರ್ಯಾದೆ ಇದೆ. ಕಳೆದ ಶತಮಾನದ ಮೊದಲ ಭಾಗದಲ್ಲಿ ನ್ಯೂಯಾರ್ಕಿನ ಅಂಗಡಿಗಳು ಚೀನಾದ ಪಿಂಗಾಣಿ ಹೂಜಿಗಳನ್ನು ಲ್ಯಾಂಪ್ ಮಾಡಿ ಮಾರುತ್ತಿದ್ದವು. ಅವುಗಳ ನೆತ್ತಿಗೆ ಜೇಡ್, ಗುಲಾಬಿ ಸ್ಫಟಿಕ, ಕೆಂಪು ಅಗೇಟ್ ಕೆತ್ತನೆ ಕೂರಿಸುತ್ತಿದ್ದರು. ಲ್ಯಾಂಪು ಕೈಯಿಂದ ಕೈಗೆ ಹೋಗುವಾಗ ಮೊದಲು ಕಳೆದುಹೋಗುವುದೇ ಫಿನಿಯಲ್. ಹಿತ್ತಾಳೆಯದು ಎಲ್ಲಿ ಬೇಕಾದರೂ ಸಿಗುತ್ತದೆ. ಒಳ್ಳೆ ಕಲ್ಲಿನದು ಸಿಗುವುದಿಲ್ಲ, ಸಿಕ್ಕರೆ ಬೆಲೆ ಕೈಗೆಟುಕುವುದಿಲ್ಲ.

2022ರಲ್ಲಿ ಊರಿಗೆ ಬಂದಿದ್ದಾಗ ಅಕ್ಕ ಮೇಸ್ತ್ರಿಯ ಕೈಯಲ್ಲಿ ಒಂದು ಗುಂಡಗಿನ ಪೇಪರ್ ವೇಟ್ ನೋಡಿದರು. ಹಸಿರು ಬೆರೆತ ಬೂದು ಬಣ್ಣ, ಎಣ್ಣೆ ಹಚ್ಚಿ ಉಜ್ಜಿದ ಮೈ. "ಅಣ್ಣ, ಇದನ್ನೇ ಚಿಕ್ಕದಾಗಿ ಮಾಡಿ ಕೆಳಗೆ ತಿರುಪು ಕೂರಿಸಿ ಕೊಡ್ತೀರಾ?" ಅಂದರು. ಮೇಸ್ತ್ರಿ ಒಪ್ಪಿದರು. ಅಷ್ಟೇ ಶುರು.

ಕಾಲು ಇಂಚು ಅಂದರೆ ಯಾವ ಕಾಲು ಇಂಚು?

ಅಕ್ಕ ವಾಪಸ್ ಹೋದ ಮೇಲೆ ಫೋನಿನಲ್ಲಿ ಅಳತೆ ಹೇಳಿದರು: ಕಾಲು ಇಂಚಿನ ತಿರುಪು. ಮೇಸ್ತ್ರಿ ಊರಿನ ಹಾರ್ಡ್‌ವೇರ್ ಅಂಗಡಿಯಿಂದ ಕಾಲು ಇಂಚಿನ ಟ್ಯಾಪ್, ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ, ತಂದು ಕೆಲಸ ಮುಗಿಸಿದರು. ನಮ್ಮಲ್ಲಿ ಸಿಗುವ ಕಾಲು ಇಂಚಿನ ಬೋಲ್ಟಿಗೆ ಒಂದು ಇಂಚಿನಲ್ಲಿ 20 ಥ್ರೆಡ್. ಅಮೆರಿಕದ ಹಾರ್ಪಿನ ನೆತ್ತಿಯ ತಿರುಪೂ ಕಾಲು ಇಂಚೇ, ಆದರೆ ಇಂಚಿಗೆ 27 ಥ್ರೆಡ್. ಅಲ್ಲಿ ಲ್ಯಾಂಪಿನೊಳಗೆ ವಯರ್ ಹೋಗುವ ಪೈಪಿಗೂ ಇಂಚಿಗೆ 27 ಥ್ರೆಡ್ಡೇ. ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ನಮ್ಮ ಬೋಲ್ಟಿನಲ್ಲಿ 1.27 ಮಿ.ಮೀ., ಹಾರ್ಪಿನಲ್ಲಿ 0.94 ಮಿ.ಮೀ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ತಿರುಗಿಸಿದರೆ ಒಂದು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಇನ್ನೂ ಬಲ ಹಾಕಿದರೆ ಕಲ್ಲು ಸೀಳುತ್ತದೆ.

ಮೊದಲ ಮಾದರಿಗಳು ಹೀಗೆ ವ್ಯರ್ಥವಾದವು. ನಷ್ಟ ಸಣ್ಣದು, ಆದರೆ ಅದರಿಂದ ಒಂದು ಒಳ್ಳೆ ತೀರ್ಮಾನ ಬಂತು. ನಾನು ಡ್ರಾಯಿಂಗ್ ಬರೆದು ಕಳಿಸಬಹುದಿತ್ತು. ಬೇಡ ಅಂದುಕೊಂಡೆವು. ಊರಿಗೆ ಬರುತ್ತಿದ್ದ ನೆಂಟರ ಸೂಟ್‌ಕೇಸಿನಲ್ಲಿ ಅಕ್ಕ ಒಂದು ನಿಜವಾದ ಹಾರ್ಪನ್ನೂ ಆ ಥ್ರೆಡ್ಡಿನ ಟ್ಯಾಪನ್ನೂ ಕಳಿಸಿದರು. ಮೇಸ್ತ್ರಿ ಹಾರ್ಪನ್ನು ಪ್ಯಾಕಿಂಗ್ ಮೇಜಿನ ಅಂಚಿಗೆ ತಂತಿಯಲ್ಲಿ ಬಿಗಿದು ನಿಲ್ಲಿಸಿದರು. ಡಬ್ಬಿಗೆ ಹೋಗುವ ಪ್ರತಿ ಫಿನಿಯಲ್ ಮೊದಲು ಅದರ ಮೇಲೆ ಕೂತು ಇಳಿಯಬೇಕು. ಓದು ಬರಹ ಅಷ್ಟಾಗಿ ಬಾರದ ಹುಡುಗನೂ ತಪ್ಪು ಹಿಡಿಯಬಲ್ಲ ವ್ಯವಸ್ಥೆ ಇದು. ಕಾಗದದ ಮೇಲಿನ 27ನ್ನು ಯಾರು ಬೇಕಾದರೂ 20 ಅಂತ ಓದಿಬಿಡಬಹುದು. ಹಾರ್ಪು ಸುಳ್ಳು ಹೇಳುವುದಿಲ್ಲ.

ಗಾತ್ರದ ಮಾತೂ ಆಗಲೇ ತೀರ್ಮಾನವಾಯಿತು. ಮೊದಲ ಗುಂಡುಗಳು 50 ಮಿ.ಮೀ. ಇದ್ದವು. ಕೈಯಲ್ಲಿ ಹಿಡಿದರೆ ಬಹಳ ಚೆಂದ, ಶೇಡಿನ ಮೇಲೆ ಕೂರಿಸಿದರೆ ಹಾರ್ಪು ತೂಗಾಡುತ್ತಿತ್ತು. ಗುಂಡಿನ ಅಗಲ ಸ್ವಲ್ಪ ಹೆಚ್ಚಿದರೂ ತೂಕ ಎಷ್ಟೋ ಪಟ್ಟು ಏರುತ್ತದೆ. ಬಳಪದ ಕಲ್ಲಿನಲ್ಲಿ 30 ಮಿ.ಮೀ. ಗುಂಡು ಸುಮಾರು 40 ಗ್ರಾಂ ತೂಗುತ್ತದೆ. 50 ಮಿ.ಮೀ. ಆದರೆ 180 ಗ್ರಾಂ ದಾಟುತ್ತದೆ. 30ರ ಆಸುಪಾಸಿಗೆ ನಿಂತೆವು.

ಕಲ್ಲು ಕೈಗೆ, ಬುಷ್ ಹಾರ್ಪಿನಲ್ಲೇ

ಕಲ್ಲಿಗೇ ನೇರವಾಗಿ ಟ್ಯಾಪ್ ಹೊಡೆದರೆ ಸಾಕಲ್ವಾ ಅಂತ ಮೇಸ್ತ್ರಿ ಕೇಳಿದರು. ಮಾಡಿ ನೋಡಿದೆವು. ಬಳಪದ ಕಲ್ಲು ಉಗುರಿಗೂ ಗೀರು ಬೀಳುವಷ್ಟು ಮೆತ್ತಗಿನದು. ಅದರಲ್ಲಿ ಥ್ರೆಡ್ ಬರುತ್ತದೆ, ಆದರೆ ಕೆಲವು ಸಲ ಬಿಗಿದು ಬಿಚ್ಚುವಷ್ಟರಲ್ಲಿ ಪುಡಿಯಾಗಿ ಉದುರುತ್ತದೆ. ಹಾಗಾಗಿ ಹಿತ್ತಾಳೆ ಬುಷ್, ಅಂದರೆ ಕಲ್ಲಿನ ತೂತಿನೊಳಗೆ ಕೂರುವ ಸಣ್ಣ ಕೊಳವೆ, ಬೇಕಾಯಿತು. ಹೊರಗಡೆ 10 ಮಿ.ಮೀ., ಒಳಗಡೆ 27ರ ಥ್ರೆಡ್. ನಗರದ ಒಂದು ಟರ್ನಿಂಗ್ ಶಾಪಿನವರು ಮಾಡಿಕೊಟ್ಟರು. ಕಲ್ಲಿಗೆ ತೂತು ಕೊರೆದು, ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಅಂಟು ಹಾಕಿ ಬುಷ್ ಕೂರಿಸಿದರು.

2023ರಲ್ಲಿ ಮೊದಲ ದೊಡ್ಡ ಲಾಟು ಹೋಯಿತು. ನೋಡಿದವರೆಲ್ಲ ಮೆಚ್ಚಿದರು. ಕೆಲವು ತಿಂಗಳಲ್ಲೇ ದೂರು ಶುರುವಾಯಿತು, ಎಲ್ಲವೂ ಒಂದೇ ಥರ. ಗ್ರಾಹಕರು ಬಲ್ಬ್ ಬದಲಿಸಲು ಫಿನಿಯಲ್ ತಿರುಗಿಸುತ್ತಾರೆ. ಕಲ್ಲು ಮಾತ್ರ ಕೈಗೆ ಬರುತ್ತದೆ. ಬುಷ್ ಹಾರ್ಪಿನ ಮೇಲೇ ಉಳಿಯುತ್ತದೆ. ಒಬ್ಬರ ಮನೆಯಲ್ಲಿ ಕಲ್ಲು ಜಾರಿ ಗಾಜಿನ ಮೇಜಿನ ಮೇಲೆ ಬಿತ್ತು. ಸದ್ಯ, ಮೇಜಿನ ಅಂಚು ಮಾತ್ರ ಹೋಯಿತು. ಅಕ್ಕ ಉಳಿದ ಮಾಲನ್ನು ಮಾರುವುದು ನಿಲ್ಲಿಸಿದರು. ಮಾರಿದವರಿಗೆಲ್ಲ ಬರೆದು, ಬೇಕಾದವರಿಗೆ ದುಡ್ಡು ವಾಪಸ್ ಕೊಟ್ಟರು. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ತೀರ್ಮಾನ ಇದು. ಕಾರಣ ಇನ್ನೂ ಗೊತ್ತಿರಲಿಲ್ಲ, ತಪ್ಪು ಯಾರದು ಅಂತಲೂ ಗೊತ್ತಿರಲಿಲ್ಲ. ಆದರೂ ಮಾರಾಟ ಮೊದಲು ನಿಂತಿತು.

ಕಾರಣದ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತು. ಅಕ್ಕ ಬಲ್ಬಿನ ಬಿಸಿ ಅಂದರು. ಅದರಲ್ಲಿ ಅರ್ಥವಿತ್ತು. ಬಿಸಿ ಗಾಳಿ ನೇರವಾಗಿ ಮೇಲೇರಿ ಫಿನಿಯಲ್‌ನ ಬುಡಕ್ಕೇ ತಾಕುತ್ತದೆ. ಮಾಮೂಲಿ ಎಪಾಕ್ಸಿ 50-60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗಲು ಶುರುವಾಗುತ್ತದೆ. ಮೇಸ್ತ್ರಿ ಅಂಟೇ ನಕಲಿ ಅಂದರು. ಟರ್ನಿಂಗ್ ಶಾಪಿನವರು ಹಿತ್ತಾಳೆ ಬಿಸಿಗೆ ಹಿಗ್ಗಿ ಅಂಟನ್ನು ಬಿಡಿಸುತ್ತಿದೆ ಅಂದರು. ಅದನ್ನು ಲೆಕ್ಕ ಹಾಕಿ ನೋಡಿದೆ. 10 ಮಿ.ಮೀ. ಹಿತ್ತಾಳೆ 40 ಡಿಗ್ರಿ ಬಿಸಿಯೇರಿದರೆ ಹಿಗ್ಗುವುದು 0.01 ಮಿ.ಮೀ.ಗಿಂತಲೂ ಕಡಿಮೆ. ಅಂಟಿಗೆ ಸ್ವಲ್ಪ ಜಾಗ ಬಿಟ್ಟಿದ್ದರೆ ಅದು ತಡೆದುಕೊಳ್ಳುತ್ತದೆ.

ಇಲ್ಲಿ ಅಕ್ಕ ಒಂದು ಸರಳ ಕೆಲಸ ಮಾಡಿದರು. ದೂರು ಕೊಟ್ಟವರಿಗೆಲ್ಲ ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಲ್ಯಾಂಪಿನಲ್ಲಿ ಯಾವ ಬಲ್ಬ್ ಇದೆ? ಅಮೆರಿಕದಲ್ಲಿ 2023ರ ಆಗಸ್ಟ್ 1ರಿಂದ ಒಂದು ವ್ಯಾಟಿಗೆ 45 ಲ್ಯೂಮೆನ್ ಬೆಳಕು ಕೊಡದ ಸಾಮಾನ್ಯ ಬಲ್ಬುಗಳ ಮಾರಾಟ ನಿಂತಿದೆ. ಅಂದರೆ ತಂತಿ ಕಾಯುವ ಹಳೆ ಬಲ್ಬು ಮನೆಯಲ್ಲಿ ಉಳಿದಿದ್ದರೆ ಉಂಟು, ಅಂಗಡಿಯಲ್ಲಿ ಇಲ್ಲ. ಉತ್ತರ ಬಂತು. ಹೆಚ್ಚಿನವರದು ಎಲ್‌ಇಡಿ. ಅಕ್ಕ ತಮ್ಮ ಮನೆಯಲ್ಲೇ ಎರಡು ಲ್ಯಾಂಪನ್ನು ಪಕ್ಕಪಕ್ಕ ಉರಿಸಿಟ್ಟರು. 60 ವ್ಯಾಟಿನ ಹಳೆ ಬಲ್ಬಿನ ಮೇಲಿನ ಫಿನಿಯಲ್ ಹಿಡಿಯಲಾಗದಷ್ಟು ಬಿಸಿಯಾಯಿತು. ಎಲ್‌ಇಡಿ ಮೇಲಿನದು ಸುಮ್ನೆ ಬೆಚ್ಚಗಾಯಿತು. ಬಿಸಿಯೇ ಕಾರಣವಾಗಿದ್ದರೆ ಎಲ್‌ಇಡಿ ಮನೆಗಳ ಫಿನಿಯಲ್ ಬಿಡಬಾರದಿತ್ತು. ಬಿಟ್ಟಿದ್ದವು.

ಹೊಸ ಅಂಟು ಕೊಳ್ಳುವ ಮಾತು ಅಲ್ಲಿಗೆ ನಿಂತಿತು. ಕಿತ್ತು ಬಂದ ಕಲ್ಲು, ಬುಷ್ ಎಲ್ಲವನ್ನೂ ಶೆಡ್ಡಿಗೆ ವಾಪಸ್ ತರಿಸೋಣ ಅಂತ ತೀರ್ಮಾನವಾಯಿತು. ಒಡೆದ ಸಾಮಾನಿಗೆ ಯಾಕೆ ಸಾಗಣೆ ಖರ್ಚು ಅಂತ ಮೇಸ್ತ್ರಿಗೆ ಬೇಸರವಿತ್ತು. ಆದರೆ ಉತ್ತರ ಇದ್ದದ್ದು ಅದರಲ್ಲೇ.

ಆ ಬುಷ್‌ಗಳನ್ನು ಮೇಜಿನ ಮೇಲೆ ಹರವಿ ಒಂದೊಂದನ್ನೇ ನೋಡಿದೆವು. ಅಂಟು ಹಿತ್ತಾಳೆಯನ್ನು ಎಲ್ಲೂ ಬಿಟ್ಟಿರಲಿಲ್ಲ. ಸುತ್ತಲೂ ಅಂಗಿ ತೊಡಿಸಿದ ಹಾಗೆ ಗಟ್ಟಿಯಾಗಿ ಕೂತಿತ್ತು. ಅಂಟಿನ ಹೊರಮೈಯಲ್ಲಿ ಬೂದು ಬಣ್ಣದ ತೆಳು ಪುಡಿ ಇತ್ತು. ಹೆಬ್ಬೆರಳಿನಿಂದ ಒರೆಸಿದರೆ ಟಾಲ್ಕಮ್ ಪೌಡರಿನಂತೆ ಜಾರುತ್ತಿತ್ತು. ಆಶ್ಚರ್ಯವಿಲ್ಲ, ಬಳಪದ ಕಲ್ಲಿನ ಮುಖ್ಯ ಖನಿಜವೇ ಟಾಲ್ಕ್. ಅಂಟು ಹಿಡಿದಿದ್ದದ್ದು ಕಲ್ಲನ್ನಲ್ಲ, ತೂತು ಕೊರೆದಾಗ ಒಳಗೆ ಉಳಿದ ಪುಡಿಯನ್ನು. ಆಮೇಲೆ ಕಲ್ಲಿನ ತೂತಿನ ಬಾಯಿಗೆ ಒಂದು ಹನಿ ನೀರು ಬಿಟ್ಟೆವು. ಹನಿ ಹರಡಲಿಲ್ಲ, ಮಣಿಯಂತೆ ಉರುಳಿ ನಿಂತಿತು. ಅಂದರೆ ಅಲ್ಲಿ ಎಣ್ಣೆ ಇತ್ತು.

ಎಣ್ಣೆ ಒಳಗೆ ಹೇಗೆ ಬಂತು ಅಂತ ನಾವು ಮುಖ ಮುಖ ನೋಡುತ್ತಿದ್ದಾಗ ಪಾಲಿಶ್ ಮಾಡುವ ಹೆಂಗಸರಲ್ಲಿ ಹಿರಿಯರು ಹೇಳಿದರು: "ಎಣ್ಣೆ ಹಚ್ಚಿದ ಮೇಲೆ ರೇಟಿನ ಸ್ಟಿಕ್ಕರೇ ನಿಲ್ಲಲ್ಲ ಅಣ್ಣ. ಬುಷ್ ಹೆಂಗೆ ನಿಂತೀತು?"

ಶೆಡ್ಡಿನ ಕ್ರಮ ಹೀಗಿತ್ತು: ಕಡೆಯುವುದು, ತೂತು, ಪಾಲಿಶ್, ಎಣ್ಣೆ ಮತ್ತು ಮೇಣ, ಕೊನೆಗೆ ಬುಷ್. ಬುಷ್ ಯಾಕೆ ಕೊನೆಗೆ? ಯಾರೂ ಕೂತು ಹಾಗೆ ತೀರ್ಮಾನಿಸಿರಲಿಲ್ಲ. ನಗರದಿಂದ ಬುಷ್ ಬರುವುದು ತಡವಾಗುತ್ತಿತ್ತು. ಕೈ ಖಾಲಿ ಕೂರುವುದು ಬೇಡ ಅಂತ ಉಳಿದ ಕೆಲಸ ಮುಗಿಸಿಟ್ಟುಕೊಳ್ಳುತ್ತಿದ್ದರು. ಮಾಲು ಬರುವ ಹೊತ್ತು ಕೆಲಸದ ಕ್ರಮವನ್ನು ಬರೆದುಬಿಟ್ಟಿತ್ತು. ಸಣ್ಣ ಕಾರ್ಖಾನೆಗಳಲ್ಲಿ ನಾನು ಇದನ್ನು ಬಹಳ ಕಡೆ ನೋಡಿದ್ದೇನೆ. ಯಾರೂ ಆರಿಸದ ಕ್ರಮವನ್ನು ಯಾರೂ ಪ್ರಶ್ನಿಸುವುದಿಲ್ಲ.

ಕ್ರಮ ತಿರುಗಿಸಿದ್ದು

ಬುಷ್ ಮೊದಲು ಅಂತ ಹೇಳುವುದು ಸುಲಭ. ಮೇಸ್ತ್ರಿಯ ಆಕ್ಷೇಪಗಳು ನ್ಯಾಯವಾಗಿದ್ದವು. ಬುಷ್ ಕೂರಿಸಿದ ಕಲ್ಲನ್ನು ಲೇತಿನಲ್ಲಿ, ಅಂದರೆ ತಿರುಗಿಸಿ ಕಡೆಯುವ ಯಂತ್ರದಲ್ಲಿ, ಹಿಡಿಯುವುದು ಹೇಗೆ? ಪಾಲಿಶ್ ಪೇಪರ್ ಹಿತ್ತಾಳೆಯನ್ನು ಗೀರಿದರೆ? ಬುಷ್ ಬರುವವರೆಗೆ ಅಷ್ಟೂ ಜನರ ಕೂಲಿ ಯಾರು ಕೊಡುತ್ತಾರೆ?

ಕೂಲಿಯ ಪ್ರಶ್ನೆಗೆ ಅಕ್ಕ ಉತ್ತರ ಕೊಟ್ಟರು. ಇಡೀ ವರ್ಷಕ್ಕೆ ಬೇಕಾಗುವ ಬುಷ್‌ಗಳಿಗೆ ಮುಂಗಡ ಹಣ ತಾವೇ ಹಾಕಿದರು. ಆಮೇಲೆ ಮೇಜಿನ ಡ್ರಾಯರಿನಲ್ಲಿ ಯಾವಾಗಲೂ ಬುಷ್ ಇತ್ತು. ಅಂಟಿನ ಸಮಸ್ಯೆಗೆ ಅರ್ಧ ಪರಿಹಾರ ಸಿಕ್ಕಿದ್ದು ಈ ಮುಂಗಡದಿಂದ. ಹೊರಗಿನವರಿಗೆ ಇದು ಸುಲಭಕ್ಕೆ ಕಾಣುವುದಿಲ್ಲ.

ಲೇತಿನ ಪ್ರಶ್ನೆಗೆ ಉತ್ತರ ಮೇಸ್ತ್ರಿಯದೇ. ಮೇಜಿನ ಅಂಚಿನ ಹಾರ್ಪನ್ನು ನೋಡುತ್ತಾ, "ಇದರ ತಲೆಯನ್ನೇ ಲೇತಿಗೆ ಹಾಕಿದರೆ?" ಅಂದರು. 27ರ ಥ್ರೆಡ್ ಇರುವ ಒಂದು ಉಕ್ಕಿನ ಮೊಳೆಯನ್ನು ಲೇತಿನ ಚಕ್ಕಿನಲ್ಲಿ ಹಿಡಿದು, ಅದರ ಮೇಲೆ ಬುಷ್ ಸಮೇತ ಕಲ್ಲಿನ ತುಂಡನ್ನು ತಿರುಗಿಸಿ ಕೂರಿಸುವುದು. ಹಿಂದೆ ಒಂದು ಚರ್ಮದ ವಾಷರ್. ಉಳಿ ಕಲ್ಲಿಗೆ ತಾಕಿದಾಗ ಬೀಳುವ ಒತ್ತಡ ಕಲ್ಲನ್ನು ಬಿಗಿಯುವ ದಿಕ್ಕಿಗೇ ತಳ್ಳುತ್ತದೆ, ಬಿಚ್ಚುವುದಿಲ್ಲ. ವಾಷರ್ ಇರುವುದರಿಂದ ಕೆಲಸ ಮುಗಿದ ಮೇಲೆ ಕೈಯಲ್ಲೇ ಬಿಡಿಸಬಹುದು.

ಇದರಿಂದ ಯಾರೂ ಕೇಳದ ಇನ್ನೊಂದು ತೊಂದರೆಯೂ ತೀರಿತು. ಮೊದಲ ಲಾಟಿನ ಹಲವು ಫಿನಿಯಲ್‌ಗಳು ಶೇಡಿನ ಮೇಲೆ ಸ್ವಲ್ಪ ಓರೆಯಾಗಿ ಕೂರುತ್ತಿದ್ದವು. ಮೊದಲು ಗುಂಡು ಕಡೆದು ಆಮೇಲೆ ತೂತು ಕೊರೆದರೆ ತೂತು ನೂರಕ್ಕೆ ನೂರು ನಡುವೆ ಬರುವುದಿಲ್ಲ. ಈಗ ಕಲ್ಲು ತಿರುಗುವುದೇ ಬುಷ್‌ನ ಸುತ್ತ. ತೂತು ಎಲ್ಲೇ ಇರಲಿ, ಅದೇ ನಡು. ಓರೆ ಅನ್ನುವ ಮಾತೇ ಇಲ್ಲ.

ಅದಕ್ಕಿಂತ ದೊಡ್ಡ ಲಾಭ ಇನ್ನೊಂದು. ಅಂಟು ಸರಿಯಾಗಿ ಹಿಡಿಯದ ತುಂಡು ಲೇತಿನ ಮೇಲೇ ಬಿಟ್ಟುಕೊಳ್ಳುತ್ತದೆ. ಉಳಿಯ ಹೊಡೆತ ಯಾವ ಗ್ರಾಹಕರ ಕೈಗಿಂತಲೂ ಜಾಸ್ತಿ. ತಯಾರಿಕೆಯೇ ಪರೀಕ್ಷೆಯಾಯಿತು. ಬಿಡುವುದಿದ್ದರೆ ಅದು ಶೆಡ್ಡಿನಲ್ಲೇ, ಪಾಲಿಶಿನ ಕೂಲಿ ಬೀಳುವ ಮೊದಲೇ ಬಿಡುತ್ತದೆ. ಮೊದಮೊದಲು ಕೆಲವು ತುಂಡುಗಳು ಹಾಗೆ ಸಿಡಿದವು ಕೂಡ. ಆದ್ದರಿಂದ ಎದುರಿಗೆ ಒಂದು ಗಟ್ಟಿ ಪ್ಲಾಸ್ಟಿಕ್ ಹಾಳೆ ಅಡ್ಡ ಬಂತು, ಕಡೆಯುವವರ ಕಣ್ಣಿಗೆ ಕನ್ನಡಕ ಬಂತು.

ಹೊಸ ಪದ್ಧತಿಯ ವಿವರ ಬೇರೆಯವರಿಗೆ ಉಪಯೋಗಕ್ಕೆ ಬರಬಹುದು. 10 ಮಿ.ಮೀ. ಬುಷ್‌ಗೆ 10.3 ಮಿ.ಮೀ. ತೂತು. ಸುತ್ತ ಅಂಟಿಗೆ ಅಷ್ಟು ಜಾಗ ಬೇಕು. ಬಿಗಿಯಾಗಿ ತಳ್ಳಿದರೆ ಅಂಟೆಲ್ಲ ಹೊರಗೆ ಬರುತ್ತದೆ. ತೂತಿನ ಒಳಗೋಡೆಗೆ ಸಣ್ಣ ಉಳಿಯಿಂದ ಎರಡು ಗೆರೆ ಎಳೆಯುವುದು. ಗಟ್ಟಿಯಾದ ಅಂಟು ಆ ಗೆರೆಗಳಲ್ಲಿ ಕೊಕ್ಕೆಯಾಗಿ ನಿಲ್ಲುತ್ತದೆ. ಆಮೇಲೆ ಸೋಪಿನ ನೀರು, ಬಾಟಲಿ ತೊಳೆಯುವ ಸಣ್ಣ ಬ್ರಷ್, ಮತ್ತೆ ಬರಿ ನೀರು. ಪೂರ್ತಿ ಒಣಗಲು ಬಿಡಬೇಕು. ಹತ್ತಿ ಬಟ್ಟೆ ಒಳಗೆ ತಿರುಗಿಸಿದರೆ ಬಿಳಿಯಾಗಿಯೇ ಹೊರಗೆ ಬರಬೇಕು, ಬೂದು ಬಣ್ಣ ಬಂದರೆ ಮತ್ತೆ ತೊಳೆಯಬೇಕು. ಅಂಟಿಸುವ ಮುಂಚೆ ಒಮ್ಮೆ ಅಸಿಟೋನ್ ಒರೆಸುವುದು. ಐದು ನಿಮಿಷದ ಅಂಟು ಬಿಟ್ಟು, ಗಟ್ಟಿಯಾಗಲು ಇಡೀ ದಿನ ತೆಗೆದುಕೊಳ್ಳುವ ನಿಧಾನದ ಅಂಟು. ಬುಷ್‌ನೊಳಗೆ ಅಂಟು ಹೋಗದಂತೆ ಒಂದು ತಿರುಪು ಹಾಕಿಡಬೇಕು. ಹುಡುಗ ಅದಕ್ಕೆ ಮೇಣ ಸವರುತ್ತಿದ್ದ. ಮೇಣ ಮತ್ತೆ ತೂತಿಗೆ ಸೇರುವ ಅಪಾಯವಿತ್ತು, ಹಾಗಾಗಿ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪಿಗೆ ಬದಲಾಯಿಸಿದೆವು. ಎಣ್ಣೆ, ಮೇಣದ ಡಬ್ಬಿಗಳನ್ನು ಶೆಡ್ಡಿನ ಇನ್ನೊಂದು ತುದಿಗೆ ಸಾಗಿಸಿದ್ದು ಆ ಹಿರಿಯ ಹೆಂಗಸಿನ ಹಟದಿಂದ. ಅವರು ಹೇಳಿದ್ದು ಸರಿ. ಒಂದೇ ಮೇಜಿನ ಮೇಲೆ ಎರಡೂ ಇದ್ದರೆ ಕೈಯೇ ಎಣ್ಣೆಯನ್ನು ಹೊತ್ತು ತರುತ್ತದೆ.

ಡಬ್ಬಿಗೆ ಹಾಕುವ ಮೊದಲು ಪ್ರತಿ ಲಾಟಿನಿಂದ ಕೆಲವನ್ನು ಎತ್ತಿ, ಬುಷ್‌ಗೆ ತಿರುಪು ಹಾಕಿ ಅದರಿಂದ ಎರಡು ಲೀಟರ್ ನೀರಿನ ಬಾಟಲಿ ರಾತ್ರಿಯಿಡೀ ನೇತು ಹಾಕುವ ಪದ್ಧತಿಯೂ ಬಂತು. ಈ ಕ್ರಮದಲ್ಲಿ ಮಾಡಿದ ಮಾಲಿನಲ್ಲಿ ಬುಷ್ ಬಿಟ್ಟಿತು ಅಂತ ದೂರು ಬಂದಿಲ್ಲ. ವಾಪಸ್ ಬಂದ ಬೆರಳೆಣಿಕೆಯವು ಕಲ್ಲಿನೊಳಗೇ ಇದ್ದ ಸೀಳಿನಿಂದ ಒಡೆದವು. ಅದನ್ನು ಈಗ ತುಂಡು ಆರಿಸುವಾಗಲೇ ನೀರಲ್ಲಿ ಅದ್ದಿ ನೋಡುತ್ತಾರೆ. ಸೀಳಿದ್ದರೆ ಆ ಗೆರೆ ಮಾತ್ರ ಕೊನೆಗೆ ಒಣಗುತ್ತದೆ.

ಅಗೇಟ್ ಬೇಕು ಅಂದಾಗ

ಬಳಪದ ಕಲ್ಲು ಚೆನ್ನಾಗಿ ಹೋದ ಮೇಲೆ ಅಕ್ಕನ ಗ್ರಾಹಕರು ಬಣ್ಣ ಕೇಳಿದರು. ಕೆಂಪು ಅಗೇಟ್, ಗುಲಾಬಿ ಸ್ಫಟಿಕ. ಮೇಸ್ತ್ರಿಗೂ ಆಸೆ ಹುಟ್ಟಿತು. ಒಂದು ಅಗೇಟ್ ಫಿನಿಯಲ್‌ಗೆ ಬಳಪದ ಕಲ್ಲಿನದಕ್ಕಿಂತ ಎಷ್ಟೋ ಜಾಸ್ತಿ ಬೆಲೆ ಬರುತ್ತದೆ. ಗ್ರೈಂಡರ್ ತಂದು ಶುರು ಮಾಡೋಣ ಅಂದರು. ಈ ಪ್ರಕರಣದಲ್ಲಿ ನಾನು ಗಟ್ಟಿಯಾಗಿ ಬೇಡ ಅಂದದ್ದು ಇಲ್ಲಿ ಮಾತ್ರ.

ಗಡಸುತನದ ಅಳತೆಯಲ್ಲಿ ಟಾಲ್ಕ್ 1, ಅಗೇಟ್ 7ರ ಹತ್ತಿರ. ಉಳಿ ಅದರ ಮೇಲೆ ನಡೆಯುವುದಿಲ್ಲ, ಅರೆಯಲೇಬೇಕು. ಅಗೇಟ್, ಸ್ಫಟಿಕ ಎರಡೂ ಸಿಲಿಕಾ. ಒಣದಾಗಿ ಅರೆದರೆ ಏಳುವ ಕಣ್ಣಿಗೆ ಕಾಣದ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿಯಾಗಿಸುತ್ತದೆ. ಅದೇ ಸಿಲಿಕೋಸಿಸ್. ಬಂದ ಮೇಲೆ ವಾಸಿ ಮಾಡುವ ಮದ್ದಿಲ್ಲ. ಗುಜರಾತಿನ ಖಂಭಾತ್ ಅಗೇಟ್ ಕೆಲಸಕ್ಕೆ ಹೆಸರಾದ ಊರು. ರತನ್‌ಪುರದ ಕಲ್ಲನ್ನು ಬೆಂಕಿಯಲ್ಲಿ ಬೇಯಿಸಿ ಕೆಂಪು ಬರಿಸುವ, ಮಣಿ ಮಾಡುವ ವಿದ್ಯೆ ಆ ಭಾಗದಲ್ಲಿ ಸಾವಿರಾರು ವರ್ಷದಿಂದ ನಡೆದುಬಂದಿದೆ. ಅದೇ ಊರಿನ ಅರೆಯುವವರ ಮನೆಗಳಲ್ಲಿ ಸಿಲಿಕೋಸಿಸ್‌ನಿಂದ ಜನ ಚಿಕ್ಕ ವಯಸ್ಸಿನಲ್ಲೇ ಹೋಗಿದ್ದಾರೆ. ಮುಖಕ್ಕೆ ಕಟ್ಟಿಕೊಳ್ಳುವ ಟವೆಲ್ ಆ ಧೂಳನ್ನು ತಡೆಯುವುದಿಲ್ಲ.

ಮೇಸ್ತ್ರಿ ಅರೆಯುವ ಕೆಲಸ ಕೈಬಿಟ್ಟರು. ತೂತು ಕೊರೆದ ಅಗೇಟ್ ಗುಂಡುಗಳನ್ನು ಹೊರಗಿಂದ ತರಿಸಿ, ಕೆಳಗೆ ಹಿತ್ತಾಳೆ ಬಟ್ಟಲು ಮಾತ್ರ ಕೂರಿಸುವುದು ಅಂತಾಯಿತು. ಈ ತೀರ್ಮಾನ ನನಗೆ ಪೂರ್ತಿ ಸಮಾಧಾನ ಕೊಡಲಿಲ್ಲ. ಧೂಳು ನಮ್ಮ ಶೆಡ್ಡಿನಲ್ಲಿ ಏಳುವುದಿಲ್ಲ, ಇನ್ಯಾರದೋ ಶೆಡ್ಡಿನಲ್ಲಿ ಏಳುತ್ತದೆ. ಅಕ್ಕನಿಗೂ ಅದು ಕೊರೆಯುತ್ತಿತ್ತು. ನೀರು ಬಿಟ್ಟು ಅರೆಯುತ್ತೇವೆ ಅಂತ ಕೆಲಸದ ಜಾಗ ತೋರಿಸಿದವರಿಂದ ಮಾತ್ರ ಕೊಳ್ಳುವುದು ಅಂತ ಅವರು ಷರತ್ತು ಹಾಕಿದರು. ಹಾಗೆ ತೋರಿಸಲು ಒಪ್ಪಿದವರು ಕಡಿಮೆ, ಬೆಲೆ ಜಾಸ್ತಿ. ಅಗೇಟ್ ಸಣ್ಣ ವ್ಯಾಪಾರವಾಗಿಯೇ ಉಳಿಯಿತು. ಹಾಗೇ ಇರಲಿ ಅಂತ ಇಬ್ಬರೂ ಬಿಟ್ಟರು.

ಇದೇ ಮಾತುಕತೆ ಬಳಪದ ಕಲ್ಲಿನ ಕಡೆಗೂ ತಿರುಗಿತು. ಅದು ಮೆತ್ತಗಿನ ಕಲ್ಲು, ಆದರೆ ಗಣಿಯನ್ನು ಅವಲಂಬಿಸಿ ಅದರಲ್ಲೂ ಸಿಲಿಕಾ ಇರಬಹುದು, ನಾರಿನಂಥ ಅಪಾಯದ ಖನಿಜವೂ ಇರಬಹುದು. ಲೇತಿನ ಬಾಯಿಗೆ ಧೂಳು ಎಳೆಯುವ ಪೈಪು ಬಂತು. ಪಾಲಿಶ್ ಪೂರ್ತಿ ನೀರಿನಲ್ಲಿ ನಡೆಯತೊಡಗಿತು. ಸರಿಯಾದ ಮಾಸ್ಕ್ ಬಂತು. ಮಾಸ್ಕ್ ಹಾಕಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಬೇಸಿಗೆಯಲ್ಲಿ ಈಗಲೂ ಕೆಲವರು ಅದನ್ನು ಕತ್ತಿಗೆ ಇಳಿಸಿಕೊಳ್ಳುತ್ತಾರೆ. ಮೇಸ್ತ್ರಿ ಈಗಲೂ ಗದರುತ್ತಾರೆ.

ಕಲ್ಲಿನ ಹೆಸರಿನ ವಿಷಯ ಚಿಕ್ಕದು, ಆದರೆ ಹೇಳಬೇಕು. ಒಬ್ಬ ಅಂಗಡಿಯವರು ಈ ಹಸಿರು ಬಳಪದ ಕಲ್ಲಿಗೆ ಜೇಡ್ ಅಂತ ಚೀಟಿ ಹಾಕೋಣ, ಎರಡು ಪಟ್ಟು ಬೆಲೆ ಬರುತ್ತದೆ ಅಂದರು. ಕಲ್ಲಿನ ಪೇಟೆಯಲ್ಲಿ ಇದು ಹೊಸದಲ್ಲ. ಹಸಿರು ಅವೆಂಚುರಿನ್ ಬಹಳ ಕಾಲದಿಂದ ಇಂಡಿಯನ್ ಜೇಡ್ ಅನ್ನುವ ಹೆಸರಲ್ಲಿ ಮಾರಾಟವಾಗುತ್ತಿದೆ. ಬಿಳಿ ಹೌಲೈಟಿಗೆ ನೀಲಿ ಬಣ್ಣ ಏರಿಸಿ ಟರ್ಕಾಯ್ಸ್ ಅನ್ನುತ್ತಾರೆ. ಅಕ್ಕ ಒಪ್ಪಲಿಲ್ಲ. ಚೀಟಿಯಲ್ಲಿ ಬಳಪದ ಕಲ್ಲು, ಕರ್ನಾಟಕ ಅಂತಲೇ ಬರೆಸಿದರು. ಎಣ್ಣೆ ಹಚ್ಚಿದೆ, ಗೀರು ಬೀಳಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ ಅನ್ನುವ ಸಾಲೂ ಅದರ ಕೆಳಗಿದೆ.

2025ರ ಆಗಸ್ಟ್

ಇಷ್ಟೆಲ್ಲ ಸರಿಹೋದ ಮೇಲೆ ಹೊಡೆತ ಬಂದದ್ದು ಬೇರೆ ಕಡೆಯಿಂದ. ಅಲ್ಲಿಯವರೆಗೆ ಮಾಲು ಸಣ್ಣ ಸಣ್ಣ ಪಾರ್ಸೆಲ್ಲುಗಳಲ್ಲಿ ಅಂಚೆಯ ಮೂಲಕ ಹೋಗುತ್ತಿತ್ತು. 800 ಡಾಲರ್‌ವರೆಗಿನ ಪಾರ್ಸೆಲ್ಲಿಗೆ ಅಮೆರಿಕದಲ್ಲಿ ಸುಂಕ ಇರಲಿಲ್ಲ. 2025ರ ಆಗಸ್ಟ್ 27ರಿಂದ ಭಾರತದ ಬಹಳಷ್ಟು ಸರಕಿನ ಮೇಲೆ ಹೆಚ್ಚುವರಿ ಸುಂಕ 50 ಶೇಕಡಾ ಆಯಿತು. ಆಗಸ್ಟ್ 29ರಿಂದ ಆ 800 ಡಾಲರಿನ ವಿನಾಯಿತಿ ಎಲ್ಲ ದೇಶಗಳಿಗೂ ರದ್ದಾಯಿತು. ನಮ್ಮ ಅಂಚೆ ಇಲಾಖೆ ಅಮೆರಿಕಕ್ಕೆ ಸರಕಿನ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ಸ್ವಲ್ಪ ಕಾಲ ನಿಲ್ಲಿಸಿತು. ಅಕ್ಟೋಬರಿನಲ್ಲಿ ಮತ್ತೆ ಶುರುವಾದಾಗ ಸುಂಕವನ್ನು ಮುಂಚೆಯೇ ಕಟ್ಟಬೇಕಾಯಿತು.

ಬೇರೆ ದೇಶಕ್ಕೆ ಮಾರೋಣ ಅಂದರೆ ಫಿನಿಯಲ್‌ಗೆ ಬೇರೆ ದೇಶ ಅಷ್ಟಾಗಿ ಇಲ್ಲ. ಹಾರ್ಪ್ ಇರುವ ಕಡೆ ಮಾತ್ರ ಅದಕ್ಕೆ ಕೆಲಸ. ಕೆನಡಾ ಇದೆ, ಸಣ್ಣ ಪೇಟೆ. ಒಂದೇ ದೇಶದ ಒಂದೇ ಥ್ರೆಡ್ಡಿಗೆ ಇಡೀ ಶೆಡ್ಡು ಕಟ್ಟಿಕೊಂಡಿದ್ದರೆ ಏನಾಗುತ್ತಿತ್ತೋ. ಮೇಸ್ತ್ರಿ ಗಣಪತಿ, ದೀಪದ ಕೆಲಸ ಬಿಟ್ಟಿರಲಿಲ್ಲ. ಬಿಡಬೇಡಿ ಅಂತ ಅಕ್ಕನೇ ಮೊದಲಿಂದ ಹೇಳುತ್ತಿದ್ದರು. ಆ ಎರಡು ತಿಂಗಳ ಕೂಲಿ ಹೊರಟಿದ್ದು ಅದರಿಂದ.

ಈಗ ಇಬ್ಬರೂ ಸುಂಕವನ್ನು ಅರ್ಧರ್ಧ ಹಂಚಿಕೊಂಡು, ಮಾಲು ಕಡಿಮೆ ಮಾಡಿ, ಬೆಲೆ ಸ್ವಲ್ಪ ಏರಿಸಿ ನಡೆಸುತ್ತಿದ್ದಾರೆ. ಇತ್ತ ಮೇಸ್ತ್ರಿ ಅದೇ ಲೇತಿನಲ್ಲಿ 27ರ ಮೊಳೆ ತೆಗೆದು 4 ಮಿ.ಮೀ. ಥ್ರೆಡ್ಡಿನ ಮೊಳೆ ಹಾಕಿದ್ದಾರೆ. ನಮ್ಮ ಬೀರು, ಡ್ರಾಯರಿನ ಹಿಡಿಗಳಿಗೆ ಹೆಚ್ಚಾಗಿ ಬರುವ ಅಳತೆ ಅದು. ಬೆಂಗಳೂರಿನ ಒಬ್ಬ ಫರ್ನಿಚರ್ ಮಾಡುವವರು ಬಳಪದ ಕಲ್ಲಿನ ಹಿಡಿ ಕೇಳಿದ್ದಾರೆ. ಡ್ರಾಯರನ್ನು ದಿನಕ್ಕೆ ಹತ್ತಾರು ಸಲ ಎಳೆಯುತ್ತಾರೆ, ಅಂಟಿನ ಮೇಲೆ ಬೀಳುವ ಹೊರೆ ಫಿನಿಯಲ್‌ಗಿಂತ ಬಹಳ ಜಾಸ್ತಿ. ಹಾಗಾಗಿ ಬುಷ್‌ನ ಉದ್ದ ಹೆಚ್ಚಿಸಿ, ತೂತಿನೊಳಗಿನ ಗೆರೆಗಳನ್ನು ಮೂರು ಮಾಡಿ ಮೊದಲ ಮಾದರಿಗಳನ್ನು ಕಡೆದಿದ್ದಾರೆ. ನೇತು ಹಾಕುವ ಬಾಟಲಿಯ ಬದಲು ಐದು ಲೀಟರಿನ ಕ್ಯಾನ್ ಬಂದಿದೆ.